ಬೇರಿಗೆ ಅಂಟಿದ ಮಣ್ಣಿಗೆ ನಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಗದಗ ಸೀಮೆಯ ಕಡಲೆ ಬೆಳೆಗಾರರಿಗಾಗಿ ಮಣ್ಣಿನ ಸೂಕ್ಷ್ಮಜೀವಿ ಪರೀಕ್ಷೆಯ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ‘ರೈಜೋಸ್ಫಿಯರ್’ಗೆ ಒಂದು ಕನ್ನಡ ಮಾತು ಬೇಕು. ಜರ್ಮನಿಯ ಲೊರೆಂಜ್ ಹಿಲ್ಟ್‌ನರ್ 1904ರಲ್ಲಿ ಕಟ್ಟಿದ ಪದವಿದು. ಬೇರಿನ ಮೈಗೆ ಹತ್ತಿದ, ಕೆಲವೇ ಮಿಲಿಮೀಟರ್ ದಪ್ಪದ ಮಣ್ಣು ಅಂತ ಅರ್ಥ. ಬೇರು ಒಸರುವ ಸಕ್ಕರೆ, ಆಮ್ಲಗಳನ್ನು ಉಂಡು ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಅಲ್ಲಿ ಒತ್ತೊತ್ತಾಗಿ ನೆಲೆಸಿರುತ್ತವೆ.

‘ಬೇರುವಲಯ’ ಎಂಬ ಪದ ಬಳಕೆಯಲ್ಲಿದೆ, ಆದರೆ ನನಗೆ ಒಪ್ಪಿಗೆಯಾಗುತ್ತಿಲ್ಲ. ಬೇರು ಇಳಿಯುವಷ್ಟು ಆಳದ ಇಡೀ ಮಣ್ಣಿಗೂ ನೀರಾವರಿಯವರು ಅದನ್ನೇ ಹೇಳುತ್ತಾರೆ. ಪದ ತಪ್ಪಿದರೆ ಚೀಲಕ್ಕೆ ಬೀಳುವ ಮಣ್ಣೂ ತಪ್ಪುತ್ತದೆ. ರೈತರಿಗೆ ರೂಢಿಯಿರುವ ಮಣ್ಣು ಪರೀಕ್ಷೆಗೆ ಗುಂಡಿ ತೋಡಿ, ಬದಿಯ ಮಣ್ಣು ಕೆತ್ತಿ, ನೆರಳಲ್ಲಿ ಒಣಗಿಸಿ ಕೊಡುತ್ತಾರೆ. ಇಲ್ಲಿ ಹಾಗಲ್ಲ. ಗಿಡವನ್ನು ಬೇರುಸಹಿತ ಅಗೆದು, ಸಡಿಲ ಮಣ್ಣು ಕೊಡವಿ, ಕಚ್ಚಿಕೊಂಡು ಉಳಿದದ್ದನ್ನಷ್ಟೇ ಬ್ರಷ್‌ನಿಂದ ಇಳಿಸಿ, ಐಸ್ ಡಬ್ಬಿಯಲ್ಲಿ ಬೇಗ ಒಯ್ಯಬೇಕು. ಪ್ರಯೋಗಾಲಯದಲ್ಲಿ ಅದರ ಡಿಎನ್ಎ ತೆಗೆದು, ಅದರಲ್ಲಿನ 16ಎಸ್ ಎಂಬ ಜೀನ್ ಓದಿ ಬ್ಯಾಕ್ಟೀರಿಯಾವನ್ನೂ ಐಟಿಎಸ್ ಎಂಬ ಡಿಎನ್ಎ ಭಾಗ ಓದಿ ಶಿಲೀಂಧ್ರವನ್ನೂ ಗುರುತಿಸುತ್ತಾರೆ. ಅಗರ್ ಎಂಬ ಲೋಳೆ ಹಾಕಿದ ತಟ್ಟೆಯಲ್ಲಿ ಬೆಳೆಸಿ ಎಣಿಸುವ ಹಳೆಯ ಪದ್ಧತಿಗೆ ಮಣ್ಣಿನ ಬಹುಪಾಲು ಜೀವಿಗಳು ಸಿಗುವುದೇ ಇಲ್ಲ.

ಯರಿ (ಕಪ್ಪು ಮಣ್ಣು), ಮಸಾರಿ (ಕೆಂಪು ಮಣ್ಣು) ಅಂತ ಭೂಮಿಗೆ ಬೇರೆ ಬೇರೆ ಹೆಸರಿಟ್ಟ ನಮ್ಮ ಜನ ಈ ಮಣ್ಣಿಗೂ ಏನಾದರೂ ಅಂದಿರಲೇಬೇಕು. ಶೇಂಗಾ ಕಿತ್ತು ಕೊಡವುವಾಗ, ಬ್ಯಾಡಗಿ ಕಡೆ ಮೆಣಸಿನ ಅಗಿ ಹಚ್ಚುವಾಗ ಹಿರಿಯರ ಬಾಯಲ್ಲಿ ಯಾವ ಮಾತು ಬರುತ್ತದೆ? ಸದ್ಯಕ್ಕೆ ‘ಬೇರಂಟು ಮಣ್ಣು’ ಅಂತ ನಾನೇ ಕಟ್ಟಿಕೊಂಡಿದ್ದೇನೆ. ಆಡುಮಾತು ಸಿಕ್ಕರೆ ಇದನ್ನು ಸಂತೋಷದಿಂದ ಬಿಡುವೆ.

ಇದರ ಜೊತೆ ಇನ್ನೊಂದು. ಸತ್ತ ಜೀವಿಗಳ ಡಿಎನ್ಎ ಕೂಡ ಮಣ್ಣಿನಲ್ಲಿ ಬಹಳ ಕಾಲ ಉಳಿಯಬಲ್ಲದು. ಹಾಗಾಗಿ ಡಿಎನ್ಎ ಓದಿ ಮಾಡಿದ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಆ ಜೀವಿ ಕೆಲಸದಲ್ಲಿದೆ ಎನ್ನಲಾಗದು. ಕೆಲಸ ಎಷ್ಟು ನಡೆದಿದೆ ಎಂದು ತಿಳಿಯಲು ಬದುಕಿರುವ ಜೀವಕೋಶಗಳಲ್ಲಿ ಕೆಲಸ ಮಾಡುವ ಡಿಹೈಡ್ರೋಜಿನೇಸ್ ಎಂಬ ಕಿಣ್ವವನ್ನು ಅಳೆಯುತ್ತಾರೆ. ಈ ಅಳತೆಗೆ ‘ಕಸುವು’ ಅನ್ನಿ ಎಂದು ಧಾರವಾಡದ ಸ್ನೇಹಿತರೊಬ್ಬರ ಸಲಹೆ. ಮಾತು ಚೆಂದ, ನಮ್ಮದೇ. ಆದರೆ ಹೊಲಕ್ಕೆ ಕಸುವು ಐತಿ ಅಂದಾಗ ರೈತನ ಮನಸ್ಸಿನಲ್ಲಿ ತಿಪ್ಪೆಗೊಬ್ಬರ, ಹದ, ಇಳುವರಿ ಎಲ್ಲವೂ ಸೇರಿರುತ್ತವೆ. ಒಂದು ಕಿಣ್ವದ ಅಂಕಿಗೆ ಅದನ್ನು ಕಟ್ಟಿಹಾಕುವುದು ನನಗೆ ಸರಿಕಾಣುವುದಿಲ್ಲ. ‘ಜೀವಿಗಳ ಚಟುವಟಿಕೆ’ ಅಂತಲೇ ಬರೆಯಬೇಕೆಂದಿದ್ದೇನೆ.

ಉತ್ತರಿಸುವವರು ಯಾವ ಊರಿನ, ಯಾವ ಬೆಳೆಯ ಮಾತು ಎಂಬುದನ್ನೂ ದಯವಿಟ್ಟು ತಿಳಿಸಿ.