ಅಪ್‌ಡೇಟ್: ಮಗಳ ಸಂಗೀತದ ಕೀಬೋರ್ಡ್ ಕೊನೆಗೂ ಕಾಸರಗೋಡಿನಲ್ಲೇ ತೆಗೆದುಕೊಂಡೆ
ದುಬೈಯಿಂದ ಭಾವ ತರುವ ಕೀಬೋರ್ಡಾ, ಇಲ್ಲಿ 3,000 ರೂಪಾಯಿ ಜಾಸ್ತಿ ಕೊಟ್ಟು ವಾರಂಟಿ ಇರುವುದಾ ಎಂದು ಕೇಳಿದ್ದೆನಲ್ಲ? "ಅಲ್ಲಿಯ ವಾರಂಟಿ ಇಲ್ಲಿ ನಡೆಯುತ್ತದಾ ವಿಚಾರಿಸಿ" ಎಂದವರೇ ನನ್ನನ್ನು ಉಳಿಸಿದ್ದು. ವಿಚಾರಿಸಿದೆ, ನಡೆಯುವುದಿಲ್ಲವಂತೆ. ಇಲ್ಲೇ ತೆಗೆದುಕೊಂಡೆ. ಚೌಕಾಸಿ ಮಾಡಿ ಎಂದವರೇ, ಒಂದು ರೂಪಾಯಿಯೂ ಇಳಿಯಲಿಲ್ಲ. ಒಂದು ಕವರ್ ಸಿಕ್ಕಿತು, ಅಷ್ಟೆ.

ಹನ್ನೆರಡನೇ ದಿನಕ್ಕೇ ನಡುವಿನ ಒಂದು ಕೀ ಮೂಕ! ಮಗಳು ಸರಳೆ ಬಾರಿಸಿದರೆ ಸ ರಿ ಗ, ಆಮೇಲೆ ಸುಮ್ನೆ 'ಟಕ್', ಮತ್ತೆ ಪ. ಅಂಗಡಿಯವರೇ ಮಂಗಳೂರಿಗೆ ಸರ್ವಿಸ್‌ಗೆ ಕಳಿಸಿದರು. ಆರು ದಿನದಲ್ಲಿ ವಾಪಸ್, ದುಡ್ಡು ಕೇಳಲಿಲ್ಲ. ಕೀ ಅಡಿಯ ರಬ್ಬರ್ ಪಟ್ಟಿ ಬೋರ್ಡಿಗೆ ಸರಿಯಾಗಿ ತಾಗುತ್ತಿರಲಿಲ್ಲವಂತೆ.

ಆದರೆ ನನ್ನ ವಾರಂಟಿ ಕಾರ್ಡಿನಲ್ಲಿ ಕರೆಂಟ್ ಅಡಾಪ್ಟರ್‌ಗೆ ವಾರಂಟಿಯೇ ಇಲ್ಲ, ಈಗ ನೋಡಿದೆ. ಕಾರ್ಡಿಗೆ ಅಂಗಡಿಯ ಸೀಲೂ ಬಿದ್ದಿರಲಿಲ್ಲ. ಬಿಲ್ಲು ಎತ್ತಿಟ್ಟಿದ್ದಕ್ಕೆ ಬಚಾವ್.