ಬದಿಯಡ್ಕದಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್ ಹಾಕಬಹುದಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಮನೆ ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ. ಮಂಗಳೂರಿನ ಒಂದು ಪ್ರೆಸ್ಸಿನಲ್ಲಿ 9 ವರ್ಷ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ) ಕೆಲಸ ಮಾಡಿದೆ. ಅಪ್ಪನಿಗೆ ಈಗ ತೋಟಕ್ಕೆ ಇಳಿಯಲು ಆಗುವುದಿಲ್ಲ. ಹಾಗಾಗಿ ಊರಿಗೆ ಬಂದಿದ್ದೇನೆ. ಬದಿಯಡ್ಕ ಪೇಟೆಯಲ್ಲಿ ಒಂದು ಕೋಣೆ ಸಿಗುತ್ತದೆ, ಬಾಡಿಗೆ 7,000. ಕೈಯಲ್ಲಿ 3 ಲಕ್ಷ ಇದೆ. ಒಬ್ಬ ಡೀಲರ್ ಸೆಕೆಂಡ್ ಹ್ಯಾಂಡ್ ಡಿಜಿಟಲ್ ಕಲರ್ ಮಷಿನ್ 6 ಲಕ್ಷಕ್ಕೆ ಕೊಡುತ್ತೇನೆ ಅನ್ನುತ್ತಾರೆ. ಬ್ಯಾಂಕಿನಲ್ಲಿ ಸಾಲವೂ ಸಿಗಬಹುದು. ಆದರೆ ಈಗ ಎಲ್ಲರೂ ವಾಟ್ಸಾಪಿನಲ್ಲೇ ಹೇಳಿಕೆ (ಆಮಂತ್ರಣ) ಕಳಿಸುತ್ತಾರಲ್ಲ, ಪ್ರೆಸ್ ಯಾಕೆ ಅಂತ ಮನೆಯಲ್ಲಿ ಕೇಳುತ್ತಿದ್ದಾರೆ. ಮಷಿನ್ ತೆಗೆದುಕೊಳ್ಳಲಾ, ಬೇಡವಾ? ಅನುಭವ ಇರುವವರು ಹೇಳಿ.

ಉತ್ತರ (ಕುಂಬಳೆಯಲ್ಲಿ 22 ವರ್ಷದಿಂದ ಪ್ರೆಸ್ ನಡೆಸುವವರು)

ಪ್ರೆಸ್ ಶುರುಮಾಡಿ. ಮಷಿನ್ ಈಗ ಬೇಡ. ಇವೆರಡೂ ಬೇರೆ ಬೇರೆ ವಿಷಯ. ನಾನು ಶುರುಮಾಡುವಾಗ ಎರಡೂ ಒಂದೇ ಅಂತ ತಿಳಿದಿದ್ದೆ. ಮೊದಲು ಒಂದು ಹಳೆಯ ಆಫ್‌ಸೆಟ್ ಮಷಿನ್ (ಪ್ಲೇಟ್ ಮಾಡಿ ಅಚ್ಚು ಹಾಕುವುದು) ತಂದು ಇಟ್ಟೆ, ಆಮೇಲೆ ಕೆಲಸ ಹುಡುಕಿದೆ. ಎರಡು ವರ್ಷ ಕಂತು ಕಟ್ಟಿದ್ದು ಮನೆಯ ಅಡಿಕೆ ಮಾರಿ.

ನಿಮ್ಮ ಲೆಕ್ಕವನ್ನೇ ನೋಡೋಣ. ಕೈಯಲ್ಲಿರುವ 3 ಲಕ್ಷ ಕಟಿಂಗ್ ಮಷಿನ್, ಕ್ರೀಸಿಂಗ್ (ಮಡಿಕೆಯ ಗೆರೆ ಹಾಕುವುದು), ಲ್ಯಾಮಿನೇಶನ್, ಕಂಪ್ಯೂಟರ್, ಕೋಣೆಯ ಅಡ್ವಾನ್ಸ್, ಮೊದಲ ಪೇಪರಿಗೇ ಹೋಗುತ್ತದೆ. ಹಾಗಾದರೆ ಮಷಿನಿಗೆ ಸಾಲವೇ. 6 ಲಕ್ಷ, 11% ಬಡ್ಡಿ, 5 ವರ್ಷ ಅಂತ ಇಟ್ಟುಕೊಳ್ಳಿ. ತಿಂಗಳ ಕಂತು 13,000 ಚಿಲ್ಲರೆ. ಬಾಡಿಗೆ 7,000. ಒಬ್ಬ ಹುಡುಗನಿಗೆ 14,000. ಕರೆಂಟು 3,000, ರಿಪೇರಿಗೆ ಅಂತ ತೆಗೆದಿಡುವುದು 3,000. ಒಟ್ಟು 40,000. ನಿಮ್ಮ ಸಂಬಳ ಇದರಲ್ಲಿ ಸೇರಿಲ್ಲ.

ಪೇಪರ್, ಟೋನರ್ ಎಲ್ಲ ಕಳೆದು ಒಂದು 13x19 ಇಂಚಿನ ಹಾಳೆಯಲ್ಲಿ 5 ರೂಪಾಯಿ ಉಳಿಯಿತು ಅನ್ನಿ. 40,000 ಹುಟ್ಟಬೇಕಾದರೆ 8,000 ಹಾಳೆ ಓಡಬೇಕು. ಮಡಚಿದರೆ ಎ5 ಆಗುವ ಹೇಳಿಕೆ ಕಾಗದ ಒಂದು ಹಾಳೆಯಲ್ಲಿ ಎರಡು ಬರುತ್ತದೆ. 300 ಕಾಗದದ ಒಂದು ಮದುವೆಗೆ 150 ಹಾಳೆ. ಅಂದರೆ ತಿಂಗಳಿಗೆ 53 ಮದುವೆ ನಿಮ್ಮ ಅಂಗಡಿಗೇ ಬರಬೇಕು. ಮದುವೆ ಇಲ್ಲದ ಆಟಿ ತಿಂಗಳಲ್ಲಿ ಎಲ್ಲಿಂದ ತರುತ್ತೀರಿ?

ವಾಟ್ಸಾಪಿನ ವಿಷಯ ಮನೆಯವರು ಹೇಳಿದ್ದು ಅರ್ಧ ಸರಿ. ಮೊದಲು 1,000 ಮಾಡಿಸುತ್ತಿದ್ದವರು ಈಗ 250, 300ಕ್ಕೆ ನಿಲ್ಲಿಸುತ್ತಾರೆ. ಆದರೆ ಪೂರ್ತಿ ಬಿಟ್ಟವರು ಕಡಿಮೆ. ದೇವರ ಮುಂದೆ ಇಟ್ಟು ಪ್ರಾರ್ಥನೆ ಮಾಡಲು ಕಾಗದ ಬೇಕು, ಹಿರಿಯರ ಮನೆಗೆ ಹೋಗಿ ಕೈಯಲ್ಲಿ ಕೊಡಬೇಕು. ಬ್ರಹ್ಮಕಲಶ, ಕಳಿಯಾಟ, ನೇಮದಂಥ ಉತ್ಸವದ ಕಾಗದ, ಯಕ್ಷಗಾನ ಆಟದ ನೋಟೀಸು, ಜೀರ್ಣೋದ್ಧಾರದ ರಶೀದಿ ಪುಸ್ತಕ, ಶಾಲೆಯ ಸ್ಮರಣ ಸಂಚಿಕೆ ಇವೆಲ್ಲ ಈಗಲೂ ಅಚ್ಚಾಗುತ್ತಲೇ ಇವೆ.

ಇಷ್ಟು ಕೆಲಸ ಈಗ ಎಲ್ಲಿ ಆಗುತ್ತಿದೆ? ಹೆಚ್ಚಿನದು ಮಂಗಳೂರಿನಲ್ಲಿ. ಬಾಸೆಲ್ ಮಿಷನ್‌ನವರು 1841ರಲ್ಲಿ ಅಲ್ಲಿ ಕಲ್ಲಚ್ಚು ಶುರುಮಾಡಿದರು. ಅಂದಿನಿಂದ ನಮ್ಮ ಕಡೆಯವರಿಗೆ ಕನ್ನಡ ಅಚ್ಚು ಅಂದರೆ ಮಂಗಳೂರು. ಕಾಸರಗೋಡು ಪೇಟೆಯಲ್ಲಿ ಒಳ್ಳೊಳ್ಳೆಯ ಮಷಿನ್ ಇದೆ. ಆದರೆ ಕನ್ನಡ ಓದಲು ಬಾರದ ಆಪರೇಟರ್ ಕೂತರೆ ಒತ್ತಕ್ಷರ ತಪ್ಪಿದ್ದು ಅವರಿಗೆ ಕಾಣುವುದೇ ಇಲ್ಲ. ಅದು ಅವರ ತಪ್ಪಲ್ಲ. ಜನ ಒಂದು ಕಾಗದಕ್ಕಾಗಿ ಗಡಿ ದಾಟಿ 50 ಕಿಲೋಮೀಟರ್ ಹೋಗುವುದು ಮಷಿನ್ ಇಲ್ಲದ್ದಕ್ಕಲ್ಲ, ಅಕ್ಷರ ಸರಿ ಬರಲಿ ಅಂತ. ನಿಮ್ಮ ಹತ್ತಿರ ಇರುವ ಬಂಡವಾಳ ಅದೇ. ಒಂದೇ ಕಾಗದದಲ್ಲಿ ಕನ್ನಡ, ಮಲಯಾಳ ಎರಡನ್ನೂ ತಪ್ಪಿಲ್ಲದೆ ಕೂರಿಸುವವರು ನಮ್ಮ ಜಿಲ್ಲೆಯಲ್ಲಿ ತುಂಬ ಕಡಿಮೆ.

ಹಾಗಾಗಿ ಒಂದು ವರ್ಷ ಹೀಗೆ ಮಾಡಿ. ಕೋಣೆ ತೆಗೆದುಕೊಳ್ಳಿ. ಒಂದು ಕಂಪ್ಯೂಟರ್, ಪ್ರೂಫ್ (ಅಚ್ಚಿಗೆ ಮೊದಲು ತಪ್ಪು ನೋಡುವ ಪ್ರತಿ) ತೆಗೆಯಲು ಒಂದು ಸಣ್ಣ ಪ್ರಿಂಟರ್ ಸಾಕು. ಡಿಸೈನ್, ಟೈಪಿಂಗ್, ಪ್ರೂಫ್ ನಿಮ್ಮದು. ಪ್ರಿಂಟ್ ಮಾತ್ರ ಹೊರಗೆ. 500ರ ಒಳಗಿನದು ಕಾಸರಗೋಡು ಅಥವಾ ಮಂಗಳೂರಿನ ಡಿಜಿಟಲ್ ಪ್ರೆಸ್ಸಿಗೆ, ಸಾವಿರದ ಮೇಲಿನದು ಆಫ್‌ಸೆಟ್‌ಗೆ, ಕ್ಯಾಲೆಂಡರ್ ಇದ್ದರೆ ಶಿವಕಾಶಿಗೆ. ಬರುವ ಲಾಭ ಕಡಿಮೆ, ನಿಜ. ಆದರೆ ಕಂತಿನ ಹೆದರಿಕೆ ಇಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎಷ್ಟು ಹಾಳೆ ಹೊರಗೆ ಕೊಟ್ಟಿರಿ ಅಂತ ಬರೆಯಿರಿ. ಮಳೆಗಾಲ, ಮದುವೆ ಸೀಸನ್ ಎರಡೂ ಅದರಲ್ಲಿ ಬರಬೇಕು. ವರ್ಷದ ಸರಾಸರಿ ತಿಂಗಳಿಗೆ 5,000 ಹಾಳೆ ದಾಟಿದರೆ ಮಷಿನಿನ ಮಾತು ಆಡೋಣ. 8,000ಕ್ಕೆ ಕಮ್ಮಿ ಬಿದ್ದದ್ದಕ್ಕೆ, ಸ್ವಂತ ಮಷಿನ್ ಬಂದರೆ ಅರ್ಜೆಂಟ್ ಕೆಲಸವೂ ಸೇರುತ್ತದೆ.

ಪ್ರೂಫ್ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ. ಗಿರಾಕಿ ಮ್ಯಾಟರ್ ಕಳಿಸುವುದು ವಾಟ್ಸಾಪಿನಲ್ಲಿ, ಅಂದರೆ ಈಗಿನ ಫೋನಿನ ಅಕ್ಷರ ಪದ್ಧತಿಯಾದ ಯುನಿಕೋಡ್‌ನಲ್ಲಿ. ಪುಟ ಜೋಡಿಸುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್‌ಗೆ ಅದು ಗೊತ್ತಿಲ್ಲ. ನುಡಿಗೋ ಶ್ರೀಲಿಪಿಗೋ (ಹಳೆಯ ಬಗೆಯ ಕನ್ನಡ ಫಾಂಟುಗಳು) ಕನ್ವರ್ಟ್ ಮಾಡಬೇಕು. ಅಲ್ಲೇ ಅರ್ಕಾವತ್ತು ಹಾರಿಹೋಗುವುದು. ಒಂದು ದೇವಸ್ಥಾನದ ಬ್ರಹ್ಮಕಲಶದ ಕಾಗದ, 3,000 ಪ್ರತಿ. ‘ಪೂರ್ಣಾಹುತಿ’ ಅಂತ ಇರಬೇಕಾದಲ್ಲಿ ‘ಪೂಣಾಹುತಿ’ ಆಗಿತ್ತು. ಸ್ಕ್ರೀನಿನಲ್ಲಿ ನಾನೂ ನೋಡಿದ್ದೆ, ಸಮಿತಿಯವರೂ ನೋಡಿದ್ದರು. ಯಾರಿಗೂ ಕಾಣಲಿಲ್ಲ. ಕಟ್ಟು ಬಿಚ್ಚಿದ ಮೇಲೆ ಒಬ್ಬ ಅಜ್ಜ ಬೆರಳಿಟ್ಟು ತೋರಿಸಿದರು. ಅಷ್ಟನ್ನೂ ನನ್ನ ಕೈಯಿಂದ ಹಾಕಿ ಮತ್ತೆ ಮಾಡಿಸಿದೆ. ಅಂದಿನಿಂದ ಪ್ರೂಫ್ ಕಾಗದದಲ್ಲೇ ತೆಗೆದು, ಗಿರಾಕಿಯ ಸಹಿ ಹಾಕಿಸಿ, ತಾರೀಕು ಬರೆದು ಫೈಲಿನಲ್ಲಿ ಇಡುತ್ತೇನೆ. ಸಾಧ್ಯವಾದರೆ ಮೊದಲಿನಿಂದಲೇ ಹೊಸ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಯುನಿಕೋಡ್ ಫಾಂಟಿನಲ್ಲೇ ಕೆಲಸ ಮಾಡಿ. ಅದರಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಅನ್ನುವ ಸೆಟ್ಟಿಂಗ್ ಆನ್ ಇದ್ದರೆ ಒತ್ತಕ್ಷರ ಸರಿಯಾಗಿ ಕೂರುತ್ತದೆ.

ಇನ್ನೊಂದು, ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಪೇಪರ್ ತೇವ ಎಳೆದುಕೊಳ್ಳುತ್ತದೆ. ಅಂಚು ಅಲೆಯಾಗುತ್ತದೆ, ಮಷಿನಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆಫ್‌ಸೆಟ್‌ನಲ್ಲಿ ಇಂಕು ಬೇಗ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಹತ್ತುತ್ತದೆ. ಕೋಣೆ ನೋಡುವಾಗ ಈ ಮಳೆಗಾಲದಲ್ಲೇ ನೋಡಿ. ಗೋಡೆಗೆ ಅಂಗೈ ಇಟ್ಟು ನೋಡಿ. ತಂಪಾಗಿ ಜಿಗುಟಾಗಿದ್ದರೆ ಬಾಡಿಗೆ ಎಷ್ಟೇ ಕಡಿಮೆ ಇದ್ದರೂ ಬೇಡ. ರೀಮನ್ನು ನೆಲದ ಮೇಲೆ ಇಡಬೇಡಿ, ಬೇಕಾದಾಗ ಮಾತ್ರ ಕವರ್ ಒಡೆಯಿರಿ.

ಮರುಪ್ರಶ್ನೆ (ಉಪ್ಪಳದಿಂದ ಒಬ್ಬರು)

ಅಣ್ಣಾ, ನಾನು ಮನೆಯಲ್ಲೇ ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತೇನೆ, ರೆಡಿಮೇಡ್ ಮದುವೆ ಕಾರ್ಡಿನ ಮೇಲೆ. ಇನ್ನೂ ಯಾವ ಲೈಸೆನ್ಸೂ ಮಾಡಿಲ್ಲ. ಸಬ್ಸಿಡಿ ಸಾಲ ಸಿಗಬಹುದಾ?

ಉತ್ತರ

ಅಕ್ಕಾ, ಪಿಎಂಇಜಿಪಿ (ಕೇಂದ್ರ ಸರ್ಕಾರದ ಸಬ್ಸಿಡಿ ಸಾಲದ ಯೋಜನೆ) ಕೇಳಿ ನೋಡಿ. ಹಳ್ಳಿ ಭಾಗದಲ್ಲಿ ಮಹಿಳೆಯರಿಗೆ ಯೋಜನೆಯ ವೆಚ್ಚದ 35% ಸಬ್ಸಿಡಿ, ಕೈಯಿಂದ ಹಾಕಬೇಕಾದದ್ದು 5%. ಸಾಮಾನ್ಯ ವರ್ಗದ ಗಂಡಸರಿಗೆ 25% ಮತ್ತು 10%. ಒಂದು ಮಾತು ನೆನಪಿಡಿ, ಅದು ಹೊಸ ಘಟಕಕ್ಕೆ ಮಾತ್ರ. ಆಗಲೇ ನಡೆಯುತ್ತಿರುವುದಕ್ಕೆ ಕೊಡುವುದಿಲ್ಲ. ಹಾಗಾಗಿ ಯಾವುದೇ ಕಾಗದಪತ್ರ ಮಾಡಿಸುವ ಮೊದಲು ಕಾಸರಗೋಡು ವಿದ್ಯಾನಗರದ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ, ನಿಮ್ಮ ಕೆಲಸ ಇದ್ದದ್ದು ಇದ್ದ ಹಾಗೆ ಹೇಳಿ. ನೀರ್ಚಾಲಿನವರಿಗೂ ಇದೇ ಮಾತು. ಸಣ್ಣ ಮೊತ್ತ ಸಾಕಾದರೆ ಮುದ್ರಾ ಸಾಲ ಇದೆ, ಶಿಶು ಅಂದರೆ 50,000 ತನಕ, ಕಿಶೋರ್ 5 ಲಕ್ಷ ತನಕ. ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿಗೆ ಸರ್ಕಾರಕ್ಕೆ ಒಂದು ರೂಪಾಯಿಯೂ ಕಟ್ಟಬೇಕಾಗಿಲ್ಲ. ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಜಿಎಸ್‌ಟಿ ಮಾತ್ರ ನಮ್ಮಂಥ ಗಡಿಯವರು ಸರಿಯಾಗಿ ಕೇಳಿಕೊಳ್ಳಬೇಕು. ವ್ಯಾಪಾರ ಚಿಕ್ಕದು ಅಂತ ಸುಮ್ನೆ ಕೂರುವ ಹಾಗಿಲ್ಲ. ವಿಟ್ಲ, ಪುತ್ತೂರಿನ ಗಿರಾಕಿಗೆ ಸರಕು ಕಳಿಸಿದರೆ ಅದು ಬೇರೆ ರಾಜ್ಯಕ್ಕೆ ಮಾರಿದ್ದು. ಅದಕ್ಕೆ ವಹಿವಾಟು ಎಷ್ಟೇ ಇರಲಿ ನೋಂದಣಿ ಬೇಕು. ಕಾಂಪೊಸಿಷನ್ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಪದ್ಧತಿ) ತೆಗೆದುಕೊಂಡವರು ಹಾಗೆ ಮಾರುವಂತೆಯೇ ಇಲ್ಲ. ಪ್ರಿಂಟಿಂಗ್‌ನಲ್ಲಿ ಕೆಲವು ಕೆಲಸ ಸರಕು, ಕೆಲವು ಸೇವೆ ಅಂತ ಲೆಕ್ಕ. ನಿಮ್ಮ ಆರ್ಡರುಗಳ ಪಟ್ಟಿ ಹಿಡಿದುಕೊಂಡು ಒಮ್ಮೆ ಟ್ಯಾಕ್ಸ್ ಕನ್ಸಲ್ಟೆಂಟ್ ಹತ್ತಿರ ಕೂತುಕೊಳ್ಳಿ.

ಮರುಪ್ರಶ್ನೆ (ಮುಳ್ಳೇರಿಯದಿಂದ ಒಬ್ಬರು)

ಪ್ರೆಸ್ ಹಾಕಲು ಮ್ಯಾಜಿಸ್ಟ್ರೇಟರ ಮುಂದೆ ಡಿಕ್ಲರೇಶನ್ ಕೊಡಬೇಕು ಅಂತ ಕೇಳಿದ್ದೆ. ಈಗಲೂ ಇದೆಯಾ? ಎಲೆಕ್ಷನ್ ಕೆಲಸ ಹಿಡಿದರೆ ಒಳ್ಳೆಯದಾ?

ಉತ್ತರ

ಅದು 1867ರ ಕಾಯ್ದೆ. ಅದರ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದು 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಹೊಸದು ಪತ್ರಿಕೆ, ನಿಯತಕಾಲಿಕಗಳಿಗೆ ಸಂಬಂಧಪಟ್ಟದ್ದು. ಹೇಳಿಕೆ ಕಾಗದ ಮಾಡುವ ಅಂಗಡಿಗೆ ಪಂಚಾಯತ್ ಲೈಸೆನ್ಸ್ ಕಡೆ ಗಮನ ಕೊಟ್ಟರೆ ಸಾಕು.

ಎಲೆಕ್ಷನ್ ಕೆಲಸ ಮಾಡಬಹುದು, ಆದರೆ ಎರಡು ಎಚ್ಚರ. ಜನಪ್ರತಿನಿಧಿ ಕಾಯ್ದೆಯ 127ಎ ಪ್ರಕಾರ ನೋಟೀಸು, ಪೋಸ್ಟರಿನಲ್ಲಿ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಮಾಡಿಸುವವರಿಂದ ಇಬ್ಬರು ಸಾಕ್ಷಿ ಇರುವ ಡಿಕ್ಲರೇಶನ್ ಮೊದಲೇ ತೆಗೆದುಕೊಳ್ಳಬೇಕು. ಅಚ್ಚಾದ ಮೇಲೆ ಆ ಡಿಕ್ಲರೇಶನ್ನಿನ ಒಂದು ಪ್ರತಿ, ನೋಟೀಸಿನ ಒಂದು ಪ್ರತಿ ಜಿಲ್ಲಾಧಿಕಾರಿಗೆ ಕಳಿಸಬೇಕು. ತಪ್ಪಿದರೆ 6 ತಿಂಗಳ ತನಕ ಜೈಲು ಶಿಕ್ಷೆಯೂ ಆಗಬಹುದು. ಎರಡನೆಯದು ದುಡ್ಡು. ಪೂರ್ತಿ ಕೈಗೆ ಬಂದ ಮೇಲೆಯೇ ಕಟ್ಟು ಹೊರಗೆ ಕೊಡಿ, ಪಕ್ಷ ಯಾವುದಾದರೂ ಸರಿ.

ಪ್ರಶ್ನೆ ಕೇಳಿದವರು

ತುಂಬ ಉಪಕಾರ ಆಯಿತು ಅಣ್ಣಾ. ಹಾಳೆಯ ಲೆಕ್ಕ ನಾನು ಹಾಕಿಯೇ ಇರಲಿಲ್ಲ. ಕೋಣೆ ಹಿಡಿದು ಹೊರಗೆ ಪ್ರಿಂಟ್ ಮಾಡಿಸುತ್ತೇನೆ. ಡೀಲರ್ ಶನಿವಾರ ಮಷಿನ್ ನೋಡಲು ಬರಲು ಹೇಳಿದ್ದಾರೆ. ಮುಂದಕ್ಕೆ ಗೊತ್ತಿರಲಿ ಅಂತ ಸುಮ್ನೆ ಹೋಗಿ ನೋಡಲಾ? ಏನೇನು ನೋಡಬೇಕು?

ಉತ್ತರ

ಖಂಡಿತ ಹೋಗಿ. ನೋಡುವುದಕ್ಕೆ ಖರ್ಚಿಲ್ಲ. ಮೊದಲು ಕೌಂಟರ್ ರೀಡಿಂಗ್ (ಮಷಿನ್ ಈವರೆಗೆ ಎಷ್ಟು ಪ್ರಿಂಟ್ ಹಾಕಿದೆ ಅನ್ನುವ ಲೆಕ್ಕ) ಪ್ರಿಂಟ್ ತೆಗೆಸಿ, ಬಾಯಿಮಾತು ಬೇಡ. ಡ್ರಮ್, ಫ್ಯೂಸರ್, ಬೆಲ್ಟ್ ಇಂಥ ಸವೆಯುವ ಭಾಗ ಯಾವಾಗ ಬದಲಿಸಿದ್ದು ಅಂತ ಕೇಳಿ. ಸರ್ವಿಸ್‌ನವರು ಎಲ್ಲಿಂದ ಬರುತ್ತಾರೆ, ಬದಿಯಡ್ಕಕ್ಕೆ ಎಷ್ಟು ದಿನದಲ್ಲಿ ತಲುಪುತ್ತಾರೆ ಅಂತ ಬರೆದುಕೊಳ್ಳಿ. ಮದುವೆ ಸೀಸನ್‌ನಲ್ಲಿ ಮೂರು ದಿನ ಮಷಿನ್ ನಿಂತರೆ ಗಿರಾಕಿ ಮತ್ತೆ ಬರುವುದಿಲ್ಲ. ಅವರು ಕೊಡುವ ತೆಳು ಪೇಪರಿನಲ್ಲಿ ಎಲ್ಲ ಮಷಿನೂ ಚೆನ್ನಾಗಿಯೇ ಓಡುತ್ತದೆ. ನೀವು ದಪ್ಪದ 300 ಜಿಎಸ್‌ಎಂ ಕಾರ್ಡಿನ 50 ಹಾಳೆ ತೆಗೆದುಕೊಂಡು ಹೋಗಿ. ಕವರ್ ಒಡೆದು ಎರಡು ದಿನ ಮನೆಯಲ್ಲೇ ಇಟ್ಟದ್ದಾಗಲಿ, ಸ್ವಲ್ಪ ತೇವ ಹಿಡಿಯಲಿ. ಒಂದು ಹೇಳಿಕೆ ಕಾಗದದ ಫೈಲ್ ಪೆನ್‌ಡ್ರೈವ್‌ನಲ್ಲಿರಲಿ. 50 ಹಾಳೆಗೂ ಎರಡೂ ಬದಿ ಪ್ರಿಂಟ್ ಹಾಕಿಸಿ. ಬೆಳಕಿಗೆ ಹಿಡಿದು ಹಿಂದಿನ ಚೌಕಟ್ಟು, ಮುಂದಿನ ಚೌಕಟ್ಟು ಕೂಡುತ್ತದಾ ನೋಡಿ. ಮಡಚಿ, ಮಡಿಕೆಯಲ್ಲಿ ಬಣ್ಣ ಉದುರುತ್ತದಾ ಅಂತ ಉಗುರಿನಲ್ಲಿ ಉಜ್ಜಿ ನೋಡಿ. ಆ 50 ಹಾಳೆಯನ್ನೂ ಎಸೆಯಬೇಡಿ. ಬರುವಾಗ ಕುಂಬಳೆಯಲ್ಲಿ ಇಳಿಯಿರಿ, ನಾನೂ ನೋಡುತ್ತೇನೆ.