ಒಂದರ ಮೇಲೆ ‘ಔಸ್ ಯೆನಾ’, ಇನ್ನೊಂದರ ಮೇಲೆ ‘ವೆಸ್ಟ್ ಜರ್ಮನಿ’: ಎರಡೂ ಝೈಸ್ ಮೈಕ್ರೋಸ್ಕೋಪೇನಾ?

ಶಿರಸಿ ಲ್ಯಾಬ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯ ಒಂದು ಕಾಲೇಜಿನ ಸಸ್ಯಶಾಸ್ತ್ರ ಲ್ಯಾಬಿನಲ್ಲಿ ಅಟೆಂಡರ್. ಮಳೆಗಾಲ ಮುಗಿಯಿತು ಅಂತ ಹಳೆಯ ಬೀರು ಖಾಲಿ ಮಾಡುತ್ತಿದ್ದೆ. ಹಿಂದುಗಡೆ ಎರಡು ಮೈಕ್ರೋಸ್ಕೋಪ್ ಸಿಕ್ಕವು. ಒಂದರ ಆಬ್ಜೆಕ್ಟಿವ್ (ಸ್ಲೈಡಿನ ಹತ್ತಿರ ಇರುವ ಲೆನ್ಸ್) ಮೇಲೆ ‘ಔಸ್ ಯೆನಾ’ ಅಂತ ಇದೆ, ಮೈಕ್ರೋಸ್ಕೋಪ್‌ಗೆ ಹೆಸರಾದ ಜರ್ಮನ್ ಕಂಪನಿ ಝೈಸ್‌ನ ಹೆಸರೇ ಇಲ್ಲ. ಇನ್ನೊಂದರ ಮೇಲೆ ‘ಕಾರ್ಲ್ ಝೈಸ್, ವೆಸ್ಟ್ ಜರ್ಮನಿ’ ಅಂತ ಇದೆ. ಸ್ಟೋರ್ ನೋಡಿಕೊಳ್ಳುವವರು ಮೊದಲನೆಯದು ನಕಲಿ, ಗುಜರಿಗೆ ಹಾಕಿಬಿಡೋಣ ಅಂತಿದ್ದಾರೆ. ನನಗೆ ಮನಸ್ಸು ಬರುತ್ತಿಲ್ಲ. ಕೈಯಲ್ಲಿ ಹಿಡಿದರೆ ಅಷ್ಟು ಭಾರ, ಅಷ್ಟು ಚೆಂದದ ಕೆಲಸ. ಇದು ನಿಜಕ್ಕೂ ನಕಲಿನಾ? ತಿಳಿದವರು ದಯವಿಟ್ಟು ಹೇಳಿ. ಮುಂದಿನ ವಾರ ಪಟ್ಟಿ ಕಳಿಸಬೇಕು.

ಹಳೇ ಮೆಕ್ಯಾನಿಕ್ ಉತ್ತರ:

ತಮ್ಮಾ, ದಯವಿಟ್ಟು ಗುಜರಿಗೆ ಹಾಕಬೇಡಿ! ಎರಡೂ ಅಸಲಿ. ನಾನು ಬೆಂಗಳೂರಿನಲ್ಲಿ 31 ವರ್ಷ ಮೈಕ್ರೋಸ್ಕೋಪ್ ರಿಪೇರಿ ಮಾಡಿದವನು. ಈ ಎರಡು ಹೆಸರಿನ ಗೊಂದಲದಿಂದ ಒಳ್ಳೊಳ್ಳೆ ಯಂತ್ರಗಳು ತೂಕಕ್ಕೆ ಹೋಗಿದ್ದನ್ನು ನೋಡಿದ್ದೇನೆ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಜರ್ಮನಿಯಲ್ಲಿ ಯೆನಾ ಅಂತ ಒಂದು ಊರು. ಕಾರ್ಲ್ ಝೈಸ್ 1846ರಲ್ಲಿ ಅಲ್ಲಿ ಸಣ್ಣದೊಂದು ವರ್ಕ್‌ಶಾಪ್ ತೆರೆದರು. ನಿಮ್ಮದು ಸಸ್ಯಶಾಸ್ತ್ರ ಲ್ಯಾಬ್ ಅಲ್ವಾ? ಅವರಿಗೆ ‘ಮೈಕ್ರೋಸ್ಕೋಪ್ ಮಾಡು’ ಅಂತ ಬೆನ್ನು ತಟ್ಟಿದವರೂ ಸಸ್ಯಶಾಸ್ತ್ರದವರೇ. ಗಿಡಗಳೆಲ್ಲ ಜೀವಕೋಶಗಳಿಂದ ಆಗಿವೆ ಎಂದು ಹೇಳಿದ ಶ್ಲೈಡನ್ ಆಗ ಅದೇ ಊರಿನಲ್ಲಿ ಪ್ರೊಫೆಸರ್.

ಆ ಕಾಲದಲ್ಲಿ ಲೆನ್ಸ್ ಮಾಡುವುದು ಕೈಗುಣದ ಕೆಲಸ. ಉಜ್ಜು, ಜೋಡಿಸು, ನೋಡು. ಸರಿಯಿಲ್ಲವಾ, ಇನ್ನೊಂದು ಜೋಡಿಸು. ಒಂದು ಆಬ್ಜೆಕ್ಟಿವ್ ಚೆನ್ನಾಗಿ ಬಂದರೆ ಮುಂದಿನದೂ ಹಾಗೇ ಬರುತ್ತದೆ ಅನ್ನುವ ಖಾತ್ರಿ ಇರಲಿಲ್ಲ. ಝೈಸ್ ಅವರಿಗೆ ಇದು ಸಮಾಧಾನ ಇರಲಿಲ್ಲ. 1866ರಲ್ಲಿ ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತಿದ್ದ 26 ವರ್ಷದ ಅರ್ನ್ಸ್ಟ್ ಆಬೆ ಎಂಬ ಹುಡುಗನನ್ನು ಕರೆದು, ಲೆಕ್ಕ ಹಾಕಿಯೇ ಲೆನ್ಸ್ ಮಾಡಲು ಆಗುತ್ತದಾ ನೋಡು ಅಂದರು. ಅದಕ್ಕೆ ವರ್ಷಗಳೇ ಹಿಡಿದವು. ಮೊದಲು ಲೆಕ್ಕ ಹಾಕಿ ಮಾಡಿದ ಲೆನ್ಸ್‌ಗಳು ಹಳೆಯವಕ್ಕಿಂತ ಕೆಟ್ಟದಾಗಿ ಕಂಡವು. ಆದರೂ ಝೈಸ್ ಕೈಬಿಡಲಿಲ್ಲ. 1872ರ ಹೊತ್ತಿಗೆ ಲೆಕ್ಕದ ಪ್ರಕಾರವೇ ಮಾಡಿದ ಆಬ್ಜೆಕ್ಟಿವ್‌ಗಳು ಮಾರಾಟಕ್ಕೆ ಬಂದವು. ಮರುವರ್ಷ ಆಬೆ ಇನ್ನೊಂದು ದೊಡ್ಡ ವಿಷಯ ಪ್ರಕಟಿಸಿದರು. ಬೆಳಕಿಗೇ ಒಂದು ಮಿತಿ ಇದೆ, ಲೆನ್ಸ್ ಎಷ್ಟೇ ಚೆನ್ನಾಗಿರಲಿ, ಬೆಳಕಿನ ಅಲೆಯ ಉದ್ದದ ಸುಮಾರು ಅರ್ಧಕ್ಕಿಂತ ಹತ್ತಿರವಿರುವ ಎರಡು ಚುಕ್ಕೆಗಳು ಬೇರೆಬೇರೆಯಾಗಿ ಕಾಣುವುದಿಲ್ಲ ಅಂತ. ನಿಮ್ಮ ಲ್ಯಾಬಿನಲ್ಲಿ ಎಣ್ಣೆ ಹನಿ ಹಾಕಿ ನೋಡುವ, 100 ಪಟ್ಟು ದೊಡ್ಡದು ಮಾಡುವ ಆಯಿಲ್ ಲೆನ್ಸ್ ಇವತ್ತಿಗೂ ಆ ಮಿತಿಯೊಳಗೇ ಕೆಲಸ ಮಾಡುತ್ತದೆ.

ಲೆಕ್ಕ ಸರಿಯಿದ್ದರೂ ಬೇಕಾದ ಗಾಜು ಸಿಗುತ್ತಿರಲಿಲ್ಲ. ಅದಕ್ಕೆ ಓಟ್ಟೋ ಶಾಟ್ ಎಂಬ ಗಾಜಿನ ರಸಾಯನಶಾಸ್ತ್ರಜ್ಞರನ್ನು ಕರೆಸಿಕೊಂಡು, 1884ರಲ್ಲಿ ಯೆನಾದಲ್ಲೇ ಗಾಜಿನ ಲ್ಯಾಬ್ ಮಾಡಿದರು. ಎರಡೇ ವರ್ಷದಲ್ಲಿ, ಬಣ್ಣದ ಅಂಚು ಕಾಣದ ಅಪೋಕ್ರೋಮ್ಯಾಟ್ ಲೆನ್ಸ್‌ಗಳು ಬಂದವು. ಕ್ಷಯದ ರೋಗಾಣು ಕಂಡುಹಿಡಿದ ರಾಬರ್ಟ್ ಕಾಖ್ ಬಳಸಿದ್ದೂ ಝೈಸ್ ಲೆನ್ಸ್‌ಗಳನ್ನೇ.

ಆಬೆ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ನನಗೆ ತೃಪ್ತಿ ಇಲ್ಲ. ಅವರ ಅಪ್ಪ ನೂಲಿನ ಗಿರಣಿಯಲ್ಲಿ ದಿನಕ್ಕೆ 14, 16 ಗಂಟೆ ದುಡಿಯುತ್ತಿದ್ದರು. ಮಗ ಊಟದ ಪಾತ್ರೆ ತೆಗೆದುಕೊಂಡು ಹೋದರೆ, ಯಂತ್ರಕ್ಕೆ ಒರಗಿ ನಿಂತೇ ತಿಂದು, ಪಾತ್ರೆ ವಾಪಸ್ ಕೊಟ್ಟು ಮತ್ತೆ ಕೆಲಸಕ್ಕೆ. ಆಬೆ ಇದನ್ನು ಕೊನೆವರೆಗೂ ಮರೆಯಲಿಲ್ಲ. 1888ರಲ್ಲಿ ಝೈಸ್ ತೀರಿಕೊಂಡರು. ಮರುವರ್ಷ ಆಬೆ ಕಾರ್ಲ್ ಝೈಸ್ ಹೆಸರಲ್ಲಿ ಒಂದು ಪ್ರತಿಷ್ಠಾನ ಮಾಡಿ, ಆಮೇಲೆ 1891ರಲ್ಲಿ ತಮ್ಮ ಪಾಲನ್ನೆಲ್ಲ ಅದಕ್ಕೆ ಬಿಟ್ಟುಕೊಟ್ಟರು. ಕೆಲಸಗಾರರಿಗೆ ಪಿಂಚಣಿ, ಸಂಬಳ ಸಹಿತ ರಜೆ ಬಂತು. 1900ರಲ್ಲೇ ಎಂಟು ಗಂಟೆಯ ದಿನ ಬಂತು. ನಾನು ಕೆಲಸ ಕಲಿತ ಅಂಗಡಿಯಲ್ಲಿ ಊಟಕ್ಕೆ ಕೂರಲು ಜಾಗವೇ ಇರಲಿಲ್ಲ. ಆಬೆ ಅಪ್ಪನ ಕಥೆ ಮೊದಲ ಸಲ ಓದಿದಾಗ ನನಗೆ ಕಣ್ಣು ತುಂಬಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1945ರ ಏಪ್ರಿಲ್‌ನಲ್ಲಿ, ಯೆನಾಕ್ಕೆ ಮೊದಲು ಬಂದದ್ದು ಅಮೆರಿಕದ ಸೈನ್ಯ. ಆದರೆ ಒಪ್ಪಂದದ ಪ್ರಕಾರ ಆ ಭಾಗ ಸೋವಿಯತ್ ಕೈಗೆ ಹೋಗಬೇಕಿತ್ತು. ಜಾಗ ಬಿಟ್ಟುಕೊಡುವ ಮೊದಲು ಅಮೆರಿಕದವರು ಝೈಸ್‌ನ ಎಂಬತ್ತರಷ್ಟು ಮುಖ್ಯ ಜನರನ್ನು, ವಿಜ್ಞಾನಿಗಳು, ಮ್ಯಾನೇಜರ್‌ಗಳು ಎಲ್ಲರನ್ನೂ, ಪಶ್ಚಿಮಕ್ಕೆ ಕರೆದುಕೊಂಡು ಹೋದರು. ಅವರು ಓಬರ್‌ಕೋಖನ್ ಎಂಬ ಊರಿನಲ್ಲಿ ಹೊಸದಾಗಿ ಕಾರ್ಖಾನೆ ಶುರು ಮಾಡಿದರು. ಇತ್ತ ಸೋವಿಯತ್‌ನವರು ಯೆನಾದ ಯಂತ್ರಗಳನ್ನು ಬಹುಪಾಲು ಬಿಚ್ಚಿ ಸಾಗಿಸಿದರು. ತಜ್ಞರನ್ನೂ ಕರೆದೊಯ್ದರು. ಉಳಿದವರು ಖಾಲಿ ಶೆಡ್‌ನಲ್ಲಿ ಮತ್ತೆ ಕೆಲಸ ಶುರು ಮಾಡಿದರು. 1948ರಲ್ಲಿ ಅದು ಸರ್ಕಾರಿ ಕಾರ್ಖಾನೆ ಆಯಿತು.

ಹೀಗೆ ಒಂದೇ ಮನೆ ಎರಡಾಯಿತು. ಹೆಸರು ಯಾರದು ಅಂತ ಎರಡು ಕಡೆಯವರೂ ವರ್ಷಗಟ್ಟಲೆ ಕೋರ್ಟಿಗೆ ಅಲೆದರು. 1971ರಲ್ಲಿ ಲಂಡನ್‌ನಲ್ಲಿ ರಾಜಿ ಆಯಿತು, ಯಾವ ದೇಶದಲ್ಲಿ ಯಾರು ಯಾವ ಹೆಸರಲ್ಲಿ ಮಾರಬೇಕು ಅಂತ. ಝೈಸ್ ಅನ್ನುವ ಹೆಸರು ಬಳಸಬಾರದ ಕಡೆ ಪೂರ್ವದವರು, ಅಂದರೆ ಯೆನಾದವರು, ‘ಔಸ್ ಯೆನಾ’ ಅಂತ ಕೆತ್ತಿದರು. ಜರ್ಮನ್‌ನಲ್ಲಿ ಅದರ ಅರ್ಥ ‘ಯೆನಾದಿಂದ ಬಂದದ್ದು’ ಅಂತ, ಅಷ್ಟೇ. ಪಶ್ಚಿಮದವರು, ಅಂದರೆ ಓಬರ್‌ಕೋಖನ್‌ನವರು, ಸೋವಿಯತ್ ಬಣದ ದೇಶಗಳಲ್ಲಿ ‘ಆಪ್ಟಾನ್’ ಅನ್ನುವ ಹೆಸರಲ್ಲಿ ಮಾರಿದರು. ಜರ್ಮನಿ ಒಂದಾದ ಮೇಲೆ ಯೆನಾದ ಮೈಕ್ರೋಸ್ಕೋಪ್ ವಿಭಾಗ ಓಬರ್‌ಕೋಖನ್‌ನವರ ಜೊತೆ ಸೇರಿತು.

ಅಂದರೆ ನಿಮ್ಮ ಬೀರುವಿನಲ್ಲಿರುವುದು ಅಣ್ಣತಮ್ಮಂದಿರು. ಅದರಲ್ಲೂ ‘ಔಸ್ ಯೆನಾ’ ಅನ್ನುವುದೇ ಮೂಲ ಊರಿನದ್ದು.

ಜಾವಡಿ ಬೆಟ್ಟ ಸೇರಿಸಿದ್ದು:

ಮೇಲಿನ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ತಮಿಳುನಾಡಿನ ಕಾವಲೂರಿನಲ್ಲಿದೆ. ಅಲ್ಲಿನ 1 ಮೀಟರ್ ದೂರದರ್ಶಕವೂ ಯೆನಾದಲ್ಲೇ ಆದದ್ದು. 1972ರಲ್ಲಿ ಸ್ಥಾಪಿಸಿದರು. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಗ್ರಹ ಅಡ್ಡ ಬರುವ ಮೊದಲೇ ನಕ್ಷತ್ರದ ಬೆಳಕು ಕ್ಷಣಕಾಲ ಮಂಕಾದದ್ದು ಇದರಲ್ಲೂ ದಾಖಲಾಯಿತು. ಅಮೆರಿಕದ ತಂಡ ವಿಮಾನದಿಂದ ನೋಡಿದ್ದೂ ಇದನ್ನೇ. ಯುರೇನಸ್‌ಗೆ ಉಂಗುರಗಳಿವೆ ಅಂತ ಗೊತ್ತಾದದ್ದು ಹಾಗೆ. ಆ ದೂರದರ್ಶಕದ ಪಕ್ಕ ನಿಂತು ನೋಡಿ ಬಂದವನು ನಾನು. ಯೆನಾದ್ದು ನಕಲಿ ಅಂದರೆ ನನಗೂ ಸಂಕಟ ಆಗುತ್ತದೆ.

ಶಿರಸಿ ಲ್ಯಾಬ್:

ಸರ್, ಓದಿ ತುಂಬಾ ಖುಷಿಯಾಯಿತು. ಇವತ್ತು ನಮ್ಮ ಮೇಡಂಗೂ ಓದಿ ಹೇಳಿದೆ. ಪಟ್ಟಿಯಿಂದ ತೆಗೆಸಿದ್ದಾರೆ! ಆದರೆ ಯೆನಾದ್ದರ ಫೋಕಸ್ ನಾಬ್ ತಿರುಗುತ್ತಲೇ ಇಲ್ಲ. ಆಬ್ಜೆಕ್ಟಿವ್ ಮೇಲೆ 160/0.17 ಅಂತ ಬರೆದಿದೆ, ಅದೇನು ಸರ್? ನಾಬ್ ಅನ್ನು ಇಕ್ಕಳ ಹಾಕಿ ತಿರುಗಿಸಲಾ?

ಹಳೇ ಮೆಕ್ಯಾನಿಕ್:

ಇಕ್ಕಳ ಮುಟ್ಟಲೇಬೇಡಿ ತಮ್ಮಾ. ಒಳಗಿನ ಗ್ರೀಸ್ ವರ್ಷಗಳಿಂದ ಒಣಗಿ ಅಂಟಾಗಿರುತ್ತದೆ. ಒತ್ತಾಯ ಮಾಡಿದರೆ ಹಲ್ಲುಚಕ್ರ ಮುರಿಯುತ್ತದೆ. ಆಮೇಲೆ ಬಿಡಿಭಾಗ ಸಿಗುವುದು ಕಷ್ಟ. ಬಿಚ್ಚಿ, ಹಳೇ ಗ್ರೀಸ್ ತೆಗೆದು, ಹೊಸದು ಹಚ್ಚಿದರೆ ಬೆಣ್ಣೆ ಹಾಗೆ ತಿರುಗುತ್ತದೆ. ಅದನ್ನು ಬಲ್ಲವರಿಂದಲೇ ಮಾಡಿಸಿ.

160 ಅಂದರೆ ಟ್ಯೂಬಿನ ಉದ್ದ, ಮಿಲಿಮೀಟರ್‌ನಲ್ಲಿ. 0.17 ಅಂದರೆ ಕವರ್ ಸ್ಲಿಪ್‌ನ, ಅಂದರೆ ಸ್ಲೈಡ್ ಮೇಲೆ ಮುಚ್ಚುವ ತೆಳು ಗಾಜಿನ, ದಪ್ಪ, ಅದೂ ಮಿಲಿಮೀಟರ್‌ನಲ್ಲೇ. ಹೊಸ ಮೈಕ್ರೋಸ್ಕೋಪ್‌ಗಳಲ್ಲಿ 160ರ ಜಾಗದಲ್ಲಿ ಮಲಗಿಸಿದ ಎಂಟರ ಗುರುತು ಇರುತ್ತದೆ. ಆ ಲೆನ್ಸ್ ಇದಕ್ಕೆ ಹಾಕಬೇಡಿ, ಚಿತ್ರ ಸರಿ ಬರುವುದಿಲ್ಲ.

ಇನ್ನು ಬೂಷ್ಟು ನೋಡಿ. ನಿಮ್ಮ ಕಡೆ ಮಳೆ ಜಾಸ್ತಿ. ಆಬ್ಜೆಕ್ಟಿವ್ ಬಿಚ್ಚಿ, ಕಣ್ಣಿಟ್ಟು ನೋಡುವ ಐಪೀಸನ್ನು ತಲೆಕೆಳಗಾಗಿ ಹಿಡಿದು, ಅದನ್ನೇ ಭೂತಗನ್ನಡಿ ಮಾಡಿಕೊಂಡು ಲೆನ್ಸ್ ನೋಡಿ. ಜೇಡರ ಬಲೆಯ ಹಾಗೆ ಕಂಡರೆ ಬೂಷ್ಟು. ಮೇಲ್ಗಡೆ ಮಾತ್ರ ಇದ್ದರೆ ಲೆನ್ಸ್ ಪೇಪರಿನಿಂದ ಮೆಲ್ಲಗೆ ಒರೆಸಿ. ಒಳಗಿದ್ದರೆ ನೀವು ಬಿಚ್ಚಲು ಹೋಗಬೇಡಿ. ಎರಡು ಮೈಕ್ರೋಸ್ಕೋಪನ್ನೂ ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿಡಿ, ಮರದ ಪೆಟ್ಟಿಗೆ ಬೇಡ. ನೋಡಿದ ಮೇಲೆ ಏನು ಕಂಡಿತು ಅಂತ ಬರೆಯಿರಿ.

ಶಿರಸಿ ಲ್ಯಾಬ್:

ನೋಡಿದೆ ಸರ್. 40ರ ಲೆನ್ಸ್ ಅಂಚಿನಲ್ಲಿ ಮಾತ್ರ ಸ್ವಲ್ಪ ಇತ್ತು, ಮೇಲ್ಗಡೆಯೇ, ಹೋಯಿತು. ಉಳಿದವು ಕನ್ನಡಿ ಹಾಗಿವೆ. ಫೋಕಸ್ ರಿಪೇರಿಗೆ ಹುಬ್ಬಳ್ಳಿಗೆ ಕಳಿಸಲು ಮೇಡಂ ಒಪ್ಪಿದ್ದಾರೆ. ಅಲ್ಲಿಯವರೆಗೆ ವೆಸ್ಟ್ ಜರ್ಮನಿಯದರಲ್ಲಿ ಈರುಳ್ಳಿ ಸಿಪ್ಪೆ ಇಟ್ಟು ಮಕ್ಕಳಿಗೆ ತೋರಿಸಿದೆ. ಕೋಶದ ಗೋಡೆ ಗೆರೆ ಎಳೆದ ಹಾಗೆ ಕಂಡಿತು.